ಲುಂಗಿ ಉಟ್ಟ ರಾಜಾ

ನಿನ್ನೆ ಮುದ್ದೇಬಿಹಾಳದಾಗ ಕಾಯಿಪಲ್ಲೆ ತಗೊಂಡು ಬರೂಮುಂದ ಒಂದು ಸಮುದಾಯ ಭವನದಿಂದ ಹಾರ್ಮೋನಿಯಂ ಕೇಳಿಸ್ತು. ಜೋಡಿ ಇದ್ದ ಮಗಳು, "ಸೂಟಿ ಮುಗೀಲಿಕ್ಕೆ ಬಂತು, ಎಲ್ಲೂ ಕರಕೊಂಡು ಹೋಗಲಿಲ್ಲ" ಅಂತ ಮಾರಿ ಊದಿಸಿದ್ದಳು. ನನಗ ನಮ್ಮಪ್ಪನ ಅವ್ವ, ಆಯಿ, ನೆನಪಾದಳು.

ನಾವು ಸಣ್ಣವರಿದ್ದಾಗ ನಾಟಕದ ಟಿಕೇಟು ನಮ್ಮ ಕೈಗೆ ಎಟಕತಿರಲಿಲ್ಲ. ಆಯಿ ನಮ್ಮನ್ನ ತಾಲೀಮಿಗೆ ಕರಕೊಂಡು ಹೋಗತಿದ್ದಳು. ಊರವರು ಸಂಜಿಮುಂದ ಗೋದಾಮಿನ್ಯಾಗ ನಾಟಕ ಕಲೀತಿದ್ರು, ನೋಡಾಕ ಯಾರೂ ರೊಕ್ಕ ಕೇಳತಿರಲಿಲ್ಲ. ಆಯಿ ಗೋಣಿಚೀಲ ಹಾಸಿ, ಉಡಿಯಾಗಿನ ಹುರಿದ ಶೇಂಗಾ ಹಂಚತಿದ್ದಳು. ರಾಜನ ಪಾರ್ಟು ಮಾಡತಿದ್ದ ಟೇಲರ್ ಕಾಕಾ ನೀಲಿ ಚೌಕಡಿ ಲುಂಗಿ ಉಟ್ಟು, ಚಾದ ಕಪ್ಪು ಹಿಡಕೊಂಡೇ ಯುದ್ಧಕ್ಕ ಹೊಂಡತಿದ್ದ. ರಾಜಾ ಅಂದ್ರ ಹಿಂಗೇ ಇರ್ತಾನ ಅಂತ ನಾವು ನಂಬಿದ್ವಿ.

ಕಡೀ ದಿನ ಬಣ್ಣ ಹಚ್ಚಿ ತಾಲೀಮು ಮಾಡಿದ್ರು. ಕಿರೀಟ, ದಪ್ಪ ಮೀಸಿ ನೋಡಿ ನನ್ನ ತಂಗಿ ಅಳಾಕ ಹತ್ತಿದಳು.

"ಇಂವ ಖರೇ ರಾಜಾ ಅಲ್ಲ."

ಆಯಿ ರಮಿಸಿದ್ರೂ ಸುಮ್ಮನಾಗಲಿಲ್ಲ. ಕಾಕಾ ಮಾತು ಅಷ್ಟಕ್ಕೇ ನಿಲ್ಲಿಸಿ ಮುಂದ ಬಂದ. ಜರಿಯ ನಿಲುವಂಗಿ ಮ್ಯಾಲೆತ್ತಿ, ಒಳಗಿನ ನೀಲಿ ಲುಂಗಿ ತೋರಿಸಿದ.

"ನಾನೇ ಅದೇನಿ ಯವ್ವಾ, ಅಳಬ್ಯಾಡ."

ತಂಗಿ ಕಣ್ಣು ಒರಸಿಕೊಂಡು ಮತ್ತ ಶೇಂಗಾ ಕೇಳಿದಳು.

ನಿನ್ನೆ ಭವನದ ಬಾಗಿಲದಾಗ ನಿಂತು, "ಒಳಗ ಬರಬಹುದೇನ್ರಿ?" ಅಂತ ಕೇಳಿದೆ.

"ಬರ್ರಿ, ಬರೇ ತಾಲೀಮು ಐತಿ" ಅಂದ್ರು.

ಚಾಪಿ ಮ್ಯಾಲೆ ಕುಂತ ಮಗಳು ನನ್ನ ಕಿವಿಯಾಗ, "ನಾಟಕ ಯಾವಾಗ ಶುರು ಆಗತೈತಿ?" ಅಂದಳು.

"ಆಗಲೇ ಶುರು ಆಗೇತಿ" ಅಂದೆ. "ಅಲ್ನೋಡು, ರಾಜಾ ಚಾ ಕುಡಿಯಾಕತ್ತಾನ."