ಕಿಟಕಿ ಅಕ್ಕನ ಪುಟ್ಟ ಡ್ರೈವರ್

ಮಕ್ಕಳನ್ನು ಕಂಡರೆ ನನಗೆ ಆಗುವುದಿಲ್ಲ ಎಂದು ನಮ್ಮ ಪೇಟೆಯಲ್ಲಿ ಒಂದು ಸುದ್ದಿಯಿದೆ. ಶುದ್ಧ ಸುಳ್ಳು. ಮಕ್ಕಳು ಮಲಗಿದ್ದಾಗ ನನಗೆ ಬಹಳ ಇಷ್ಟ. ಎದ್ದು ನನ್ನ ವ್ಯಾನಿನ ಹಿಂದಿನ ಸೀಟಿನಲ್ಲಿ ಕುಳಿತು, "ಊರು ಬಂತಾ? ಈಗ ಬಂತಾ?" ಎಂದು ರಾಗ ಎಳೆಯುತ್ತ ನನ್ನ ಬೆನ್ನಿಗೆ ಒದೆಯಲು ಶುರುಮಾಡಿದರೆ ಮಾತ್ರ ಪಿತ್ತ ನೆತ್ತಿಗೇರುತ್ತದೆ. ನಮ್ಮ ಪೇಟೆಯಿಂದ ದೊಡ್ಡ ಊರಿಗೆ ಬಾಡಿಗೆ ವ್ಯಾನು ಓಡಿಸುವವನು ನಾನು. ಬೆಳಿಗ್ಗೆ ಹೊರಟರೆ ಊಟದ ಹೊತ್ತು ಮೀರಿದ ಮೇಲೆ ಮುಟ್ಟುವ ದಾರಿ. ನಡುವೆ ಬೆಟ್ಟ, ಬೆಟ್ಟದ ತುಂಬ ತಿರುವು. ಆ ದಾರಿಯಲ್ಲಿ ಮಕ್ಕಳು ಚೆಲ್ಲಿದ ಬಿಸ್ಕತ್ತಿನ ಪುಡಿ, ಮಾಡಿದ ವಾಂತಿ ಎಲ್ಲವನ್ನೂ ತೊಳೆದವನು ನಾನೇ. ಸ್ವಲ್ಪ ಸಿಡುಕದೆ ಇದ್ದರೆ ಹೇಗೆ?

ನನ್ನ ಅಕ್ಕ ಹಾಗಲ್ಲ. ಅವಳು ಬಹಳ ವರ್ಷ ಒಂದು ಶಿಶುವಿಹಾರದಲ್ಲಿ ಕಂಡವರ ಮಕ್ಕಳನ್ನು ನೋಡಿಕೊಂಡಿದ್ದಳು. ಅದು ಮುಚ್ಚಿದ ದಿನ ನನ್ನ ಮನೆಗೆ ಬಂದು, "ನಾಳೆಯಿಂದ ನಾನೂ ವ್ಯಾನಿಗೆ ಬರ್ತೀನಿ ಕಣೋ," ಎಂದಳು.

"ಬಂದು ಏನ್ ಮಾಡ್ತೀಯ?"

"ನಿನ್ನ ಬಾಯಿಂದ ಮಕ್ಕಳನ್ನ ಕಾಪಾಡ್ತೀನಿ."

ಬಂದೇಬಿಟ್ಟಳು. ಅವಳ ಕೆಲಸವೆಲ್ಲ ನಡೆಯುವುದು ಕಿಟಕಿಯಲ್ಲಿ. ಎಡಗಡೆ ಕುಳಿತವರು ಒಂದು ಪಕ್ಷ, ಬಲಗಡೆಯವರು ಇನ್ನೊಂದು. ಯಾರಿಗೆ ಮೊದಲು ಬಿಳಿ ನಾಯಿ ಕಾಣುತ್ತದೆ, ಯಾರ ಕಡೆ ಛತ್ರಿ ಹಿಡಿದವರು ಹೆಚ್ಚು, ಮುಂದಿನ ಲಾರಿಯ ಹಿಂದೆ ಏನು ಬರೆದಿದೆ. "ಅಲ್ಲಿ ನೋಡು, ಅಲ್ಲಿ ನೋಡು" ಎನ್ನುತ್ತಲೇ ಅವಳು ಎಂಥ ಹಟಮಾರಿ ಮಗುವನ್ನೂ ಬೆಟ್ಟ ಹತ್ತಿಸಿ ಇಳಿಸಿಬಿಡುತ್ತಿದ್ದಳು. ಕಿಟಕಿ ಅಕ್ಕ ಎಂದೇ ಹೆಸರಾಯಿತು. ಜನ ಬಾಡಿಗೆ ಕೇಳಲು ಬಂದರೆ ವ್ಯಾನು ಹೇಗಿದೆ, ಬ್ರೇಕು ಹಿಡಿಯುತ್ತದೆಯೇ ಎಂದು ಯಾರೂ ವಿಚಾರಿಸುತ್ತಿರಲಿಲ್ಲ. "ಕಿಟಕಿ ಅಕ್ಕ ಬರ್ತಾರಲ್ವಾ?" ಎಂದಷ್ಟೇ ಕೇಳುತ್ತಿದ್ದರು. ನನಗೆ ಹೊಟ್ಟೆ ಉರಿಯುತ್ತಿತ್ತು. ಯಾಕೆ ಸುಳ್ಳು ಹೇಳಲಿ?

ಆ ದಿನ ನಮ್ಮನ್ನು ಕರೆಸಿದ್ದು ಪೇಟೆಯ ಚಿಕ್ಕ ಆಸ್ಪತ್ರೆಯ ಡಾಕ್ಟರಮ್ಮ. ಅಲ್ಲಿದ್ದ ಒಂದೇ ಆಂಬುಲೆನ್ಸು ಬೇರೆ ರೋಗಿಯನ್ನು ಹೊತ್ತುಕೊಂಡು ಆಗಲೇ ಹೋಗಿತ್ತು. ಬಾಗಿಲಲ್ಲಿ ಸೈಕಲ್ ರಿಪೇರಿ ಅಂಗಡಿಯವನು ನಿಂತಿದ್ದ. ಅಂಗಿಯ ಮೇಲೆ ಗ್ರೀಸು, ತೋಳಲ್ಲಿ ಐದಾರು ವರ್ಷದ ಮಗಳು. ಮಗುವಿನ ಎರಡೂ ಕಣ್ಣುಗಳ ಮೇಲೆ ಬಿಳಿ ಪಟ್ಟಿ. ಅವನು ಚಕ್ರದ ಕಡ್ಡಿ ಬಿಗಿಯುತ್ತಿದ್ದಾಗ ಅದು ಚಿಮ್ಮಿ, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತಿದ್ದ ಮಗುವಿನ ಬಲಗಣ್ಣಿಗೆ ಚುಚ್ಚಿತ್ತು. ತಾಯಿ ಮನೆಯಲ್ಲಿ ಎಳೆಗೂಸನ್ನು ಬಿಟ್ಟು ಬರುವ ಹಾಗಿರಲಿಲ್ಲ.

ಡಾಕ್ಟರಮ್ಮ ಅಕ್ಕನನ್ನು ಪಕ್ಕಕ್ಕೆ ಕರೆದು ಹೇಳಿದರು. "ಕಣ್ಣುಗುಡ್ಡೆಯಲ್ಲಿ ಸಣ್ಣ ತೂತಾಗಿದೆ. ದೊಡ್ಡಾಸ್ಪತ್ರೆಯಲ್ಲಿ ಹೊಲಿಗೆ ಹಾಕೋರು ಕಾಯ್ತಾ ಇದ್ದಾರೆ. ಅಲ್ಲಿವರೆಗೂ ಅವಳು ಅಳಬಾರದು. ಅತ್ತು ಬಿಕ್ಕಿದ್ರೆ ಒಳಗಿರೋದು ಹೊರಗೆ ಬಂದುಬಿಡುತ್ತೆ, ಆಮೇಲೆ ಕಣ್ಣು ಉಳಿಯಲ್ಲ. ಉಜ್ಜಬಾರದು. ನೋವಿಗೆ, ವಾಂತಿಗೆ ಇಂಜೆಕ್ಷನ್ ಕೊಟ್ಟಿದ್ದೀನಿ. ಆಪರೇಷನ್ ಇದೆ, ಬಾಯಿಗೆ ಏನೂ ಹಾಕೋ ಹಾಗಿಲ್ಲ, ನೀರು ಕೂಡ."

"ಎರಡೂ ಕಣ್ಣು ಯಾಕೆ ಕಟ್ಟಿದ್ದೀರಿ?" ಎಂದಳು ಅಕ್ಕ.

"ಒಂದು ಕಣ್ಣು ತಿರುಗಿದ್ರೆ ಜೊತೆಗೆ ಇನ್ನೊಂದೂ ತಿರುಗುತ್ತೆ. ಅತ್ತಿತ್ತ ತಿರುಗಿಸೋದೇ ಬೇಡ."

ಅಕ್ಕ ತಲೆಯಾಡಿಸಿದಳು. ಅವಳ ಮುಖ ಅಷ್ಟು ಚಿಕ್ಕದಾದದ್ದನ್ನು ನಾನು ಅಲ್ಲಿಯವರೆಗೂ ನೋಡಿರಲಿಲ್ಲ.

ನಡುವಿನ ಸೀಟಿನಲ್ಲಿ ಮಗುವನ್ನು ಮಲಗಿಸಿದೆವು. ತಲೆ ಅಕ್ಕನ ತೊಡೆಯ ಮೇಲೆ, ಕಾಲು ಅಪ್ಪನ ಮಡಿಲಲ್ಲಿ. ಅವನು ಆ ಪುಟ್ಟ ಪಾದಗಳನ್ನು ಎರಡೂ ಕೈಗಳಿಂದ ಹಿಡಿದು ತಲೆ ಬಗ್ಗಿಸಿ ಕುಳಿತ. "ಗುಬ್ಬೀ, ಅಪ್ಪ ಇಲ್ಲೇ ಇದ್ದೀನಮ್ಮ," ಎಂದ. ನಾನು ಗುಂಡಿ ತಪ್ಪಿಸುತ್ತ, ಬ್ರೇಕನ್ನು ಮುಟ್ಟಿಯೂ ಮುಟ್ಟದ ಹಾಗೆ ಒತ್ತುತ್ತ ಪೇಟೆ ದಾಟಿಸಿದೆ. ಅಕ್ಕ ಮೆಲ್ಲಗೆ ಅದೂ ಇದೂ ಮಾತಾಡುತ್ತಿದ್ದಳು. ಎಲ್ಲ ಸರಿಯಾಗಿಯೇ ಇತ್ತು.

ಕೆರೆ ಏರಿಯ ಹತ್ತಿರ ಎಮ್ಮೆಗಳ ಹಿಂಡೊಂದು ರಸ್ತೆಗೆ ಅಡ್ಡ ಬಂತು. ಅಕ್ಕ ಅಷ್ಟು ವರ್ಷದ ಅಭ್ಯಾಸದಲ್ಲಿ, ಬಾಯಿ ತುಂಬ, "ಅಯ್ಯೋ ಮರೀ, ಅಲ್ಲಿ ನೋಡು, ಎಷ್ಟೊಂದು ಎಮ್ಮೆ!" ಎಂದುಬಿಟ್ಟಳು.

ಮಗುವಿನ ಎರಡೂ ಕೈ ಒಮ್ಮೆಲೇ ಪಟ್ಟಿಗೆ ಹೋದವು. ಅಕ್ಕ ಸರಕ್ಕನೆ ಮಣಿಕಟ್ಟು ಹಿಡಿದಳು. ಹಿಡಿದದ್ದಕ್ಕೆ ಮಗು ಹೆದರಿತು. "ಬಿಡಿ, ನಂಗೆ ಕಾಣ್ತಿಲ್ಲ, ಬಿಚ್ಚಿ," ಎಂದು ಉಸಿರು ಮೇಲಕ್ಕೆಳೆಯತೊಡಗಿತು. ತುಟಿ ಡೊಂಕಾಯಿತು. ಕನ್ನಡಿಯಲ್ಲಿ ಅದನ್ನು ಕಂಡು ನನ್ನ ಜೀವ ಬಾಯಿಗೆ ಬಂತು.

"ಬುದ್ಧಿ ಇದೆಯೇನೇ ನಿಂಗೆ? ಬಾಯಿಗೆ ಬೀಗ ಹಾಕ್ಕೊಳ್ಳೇ!" ಎಂದು ಕಿರುಚಿದೆ. ಜಗತ್ತಿನ ಮಾತನ್ನೆಲ್ಲ ಆಡುವವಳು, ತುಟಿ ಕಚ್ಚಿಕೊಂಡು ನನ್ನ ಬೆನ್ನನ್ನೇ ನೋಡುತ್ತಿದ್ದಳು. ಅವಳ ಹತ್ತಿರ ಇದ್ದ ಆಟವೆಲ್ಲ ಕಣ್ಣಿನ ಆಟ. ಕಣ್ಣು ಬಿಟ್ಟು ಇನ್ನೇನೂ ಅವಳಿಗೆ ಗೊತ್ತಿರಲಿಲ್ಲ.

ಎಮ್ಮೆಗಳು ಕದಲಲಿಲ್ಲ. ಸಿಟ್ಟನ್ನು ಬೇರೆ ಯಾರ ಮೇಲೆ ತೀರಿಸಲಿ? ಹಾರ್ನ್ ಮೇಲೆ ಕೈಯಿಟ್ಟು ಒತ್ತಿದೆ. ಮಗು ಅರ್ಧ ಎಳೆದ ಉಸಿರನ್ನು ಹಾಗೇ ನಿಲ್ಲಿಸಿತು.

"ಎಮ್ಮೆ ಹೋಯ್ತಾ?"

"ಇಲ್ಲ," ಎಂದೆ.

"ಇನ್ನೊಂದ್ಸಲ ಹೊಡೀರಿ."

ಹೊಡೆದೆ. ಎಮ್ಮೆಗಳು ಸರಿದವು. ಅಕ್ಕ ಮಗುವಿನ ಮಣಿಕಟ್ಟು ಬಿಟ್ಟಳು. ಅವಳ ದನಿ ಮರಳಿ ಬಂತು. "ಮರೀ, ಇವತ್ತಿಂದ ನೀನೇ ಡ್ರೈವರ್. ಮುಂದೆ ಕೂತಿದ್ದಾನಲ್ಲ ಆ ಮುಂಗೋಪಿ, ಅವನು ಬರೀ ಕ್ಲೀನರ್. ನೀನು ಹೇಳಿದ ಹಾಗೆ ಕೇಳ್ತಾನೆ."

"ಕಣ್ಣು ಕಟ್ಕೊಂಡು ಗಾಡಿ ಓಡ್ಸಕ್ಕಾಗುತ್ತಾ?"

"ಬೇರೆಯವರಿಗಾಗಲ್ಲ. ನಿಂಗಾಗುತ್ತೆ. ಆದ್ರೆ ಒಂದು ರೂಲ್ಸ್ ಇದೆ. ಡ್ರೈವರ್ ಅತ್ತಿತ್ತ ನೋಡೋ ಹಾಗಿಲ್ಲ. ಪಟ್ಟಿಯೊಳಗೂ ಕಣ್ಣು ನೇರ ಮುಂದೆ ಇರ್ಬೇಕು. ಕಣ್ಣು ಆಡ್ಸಿದ್ರೆ ಗಾಡಿ ವಾಲುತ್ತೆ."

"ನೇರ ಇಟ್ಟಿದ್ದೀನಿ," ಎಂದಿತು ಮಗು. ಮೈಯೆಲ್ಲ ಸೆಟೆದು ನಿಜವಾದ ಡ್ರೈವರಿನ ಹಾಗೆ ಮಲಗಿತು. "ಕ್ಲೀನರ್, ಗೇರ್ ಹಾಕು!"

ಇಪ್ಪತ್ತು ವರ್ಷದಿಂದ ಸ್ಟೇರಿಂಗು ಹಿಡಿದವನಿಗೆ ಏಕವಚನ! ಗೇರು ಹಾಕಿದೆ.

ಬೆಟ್ಟ ಹತ್ತುವವರೆಗೂ ಆ ಪುಟ್ಟ ಡ್ರೈವರ್ ನನ್ನನ್ನು ಬಿಡಲಿಲ್ಲ. ತಿರುವು ಎಡಕ್ಕೋ ಬಲಕ್ಕೋ ಎಂದು ಮೈ ವಾಲುವುದರಲ್ಲೇ ಹೇಳುತ್ತಿದ್ದಳು. ಸರಿಯಾಗಿ ಹೇಳಿದರೆ ನಾನು ಹಾರ್ನ್ ಹೊಡೆಯಬೇಕು, ತಪ್ಪಿದರೆ "ತಪ್ಪಾಯ್ತು ಡ್ರೈವರ್" ಎಂದೂ ನಾನೇ ಹೇಳಬೇಕು. ನಡುವೆ ಒಮ್ಮೆ ನೀರು ಕೇಳಿದಳು. ಅಕ್ಕ ಸಮಾಧಾನ ಹೇಳಿದಳು. ಮಗು ಮತ್ತೆ ಕೇಳಿತು. ದನಿಯಲ್ಲಿ ಅಳು ಇಣುಕಿತು. "ಡ್ರೈವರ್ ಕುಡಿಯೋವರೆಗೂ ಕ್ಲೀನರೂ ಕುಡಿಯಲ್ಲ ಬಿಡು," ಎಂದು ನಾನೇ ಹೇಳಿದೆ. ಯಾಕೆ ಹೇಳಿದೆನೋ, ಹೇಳಿದೆ. ಮಗು ಸ್ವಲ್ಪ ಯೋಚಿಸಿ ಒಪ್ಪಿಕೊಂಡಿತು. ನನ್ನ ಗಂಟಲು ಒಣಗಿ ಕಟ್ಟಿಗೆಯಾಗಿತ್ತು, ಬಾಟಲಿ ಕೈಗೆಟುಕುವಲ್ಲೇ ಇತ್ತು. ಮುಟ್ಟಲಿಲ್ಲ.

ಬೆಟ್ಟದ ಆ ಕಡೆ ಇಳಿಯುವಾಗ ಬ್ರೇಕು ಒತ್ತಬೇಕಾಯಿತು. ಮುಂದೆ ವಾಹನಗಳ ಸಾಲು. ಅದರ ತುದಿಯಲ್ಲಿ ಲಾರಿಯೊಂದು ರಸ್ತೆಗೆ ಅಡ್ಡಲಾಗಿ ಮಗುಚಿಕೊಂಡಿತ್ತು. ಚಾಲಕರು ಇಳಿದು ಬೀಡಿ ಹಚ್ಚಿ ನಿಂತಿದ್ದರು, ಅಂದರೆ ಬೇಗ ಆಗುವ ಕೆಲಸವಲ್ಲ. ನನ್ನ ಹಿಂದೆಯೂ ಗಾಡಿಗಳು ಬಂದು ಅಂಟಿಕೊಂಡವು. ಎಂಜಿನ್ ಆರಿಸಲು ಕೀಲಿಗೆ ಕೈಹಾಕಿದೆ. ಹಿಂದಿನಿಂದ ಸೀಟಿಗೆ ಒಂದು ಒದೆ ಬಿತ್ತು. ಅಕ್ಕನದು.

"ಯಾಕೆ ನಿಂತಿದ್ದು?" ಎಂದಿತು ಮಗು.

"ಎಲ್ಲಿ ನಿಂತಿದೆ? ಓಡ್ತಾ ಇದೆ," ಎಂದಳು ಅಕ್ಕ. "ರಸ್ತೆ ಚೆನ್ನಾಗಿದೆ, ಅದಕ್ಕೇ ಕುಲುಕ್ತಾ ಇಲ್ಲ. ಅಲ್ವೇನೋ ಕ್ಲೀನರ್?"

ಕನ್ನಡಿಯಲ್ಲಿ ಅವಳ ಕಣ್ಣು ನೋಡಿದೆ. ಅರ್ಥವಾಯಿತು. ಓಡುವ ಗಾಡಿಯಲ್ಲಿ ಆಟವಿದೆ. ನಿಂತ ಗಾಡಿಯಲ್ಲಿ ಹಸಿವು, ಬಾಯಾರಿಕೆ, ಕತ್ತಲೆ ಬಿಟ್ಟರೆ ಮಗುವಿಗೆ ಏನಿದೆ? ಆಕ್ಸಿಲರೇಟರ್ ಒತ್ತಿ ಎಂಜಿನ್ ಮೊರೆಯಿಸಿದೆ. ಕ್ಲಚ್ ತುಳಿದು ಸುಮ್ಮಸುಮ್ಮನೆ ಗೇರು ಬದಲಿಸಿದೆ. "ಸೇತುವೆ ಬಂತು ಡ್ರೈವರ್," ಎಂದೆ. ನನ್ನ ದನಿ ನನಗೇ ಪರಕೀಯವೆನಿಸಿತು. ಜನ್ಮದಲ್ಲಿ ಯಾವ ಮಗುವಿಗೂ ಒಂದು ಕತೆ ಹೇಳಿದವನಲ್ಲ. ಈಗ ಇಲ್ಲದ ಸೇತುವೆ ದಾಟಿಸಿದೆ, ಇಲ್ಲದ ಸಂತೆಯನ್ನು ಬಳಸಿಕೊಂಡು ಹೋದೆ, ಇಲ್ಲದ ಬಸ್ಸನ್ನು ಹಿಂದೆ ಹಾಕಿದೆ.

"ಗಾಳಿನೇ ಬರ್ತಿಲ್ಲ."

ಅಕ್ಕ ಸೆರಗಿನಿಂದ ಬೀಸತೊಡಗಿದಳು. ಅಪ್ಪ ಅನಿಸಿಕೊಂಡವನು ಮಾತ್ರ ಮಡಿಲಲ್ಲಿದ್ದ ಪಾದಗಳನ್ನು ಇನ್ನೂ ಬಿಗಿಯಾಗಿ ಹಿಡಿದು ಮುಂದಿನ ಸಾಲನ್ನೇ ನೋಡುತ್ತಿದ್ದ. ಅವನ ಗಲ್ಲ ಅದುರುತ್ತಿತ್ತು. ಅಕ್ಕ ಅವನಿಗೆ ಬೇಡ ಬೇಡ ಎಂದು ಕಣ್ಣಲ್ಲೇ ಸನ್ನೆ ಮಾಡಿದಳು.

"ಕ್ಲೀನರ್, ಹಾರ್ನ್ ಹೊಡಿ," ಎಂದಿತು ಮಗು. ಹೊಡೆದೆ. "ಇನ್ನೂ ಹೊಡಿ." ಹೊಡೆದೆ. "ಜೋರಾಗಿ ಹೋಗು, ಹಾರ್ನ್ ಹೊಡಿ." ಮತ್ತೆ ಹೊಡೆದೆ.

ಸುತ್ತಲಿನವರ ತಲೆ ಚಿಟ್ಟು ಹಿಡಿದಿರಬೇಕು. ಒಬ್ಬ ದಪ್ಪ ಮೀಸೆಯ ಲಾರಿ ಡ್ರೈವರು ತೋಳೇರಿಸಿಕೊಂಡು ಬಂದು ನನ್ನ ಬಾಗಿಲಿಗೆ ಗುದ್ದಿದ. "ಏನ್ ಗುರೂ, ತಲೆ ಕೆಟ್ಟಿದ್ಯಾ? ನೀನು ಹಾರ್ನ್ ಹೊಡೆದ್ರೆ ಆ ಲಾರಿ ಎದ್ದು ನಿಲ್ಲುತ್ತಾ?"

ನಾನು ಬಾಯಿಯ ಮೇಲೆ ಬೆರಳಿಟ್ಟು ಹಿಂದಕ್ಕೆ ತೋರಿಸಿದೆ. ಅವನು ಬಗ್ಗಿ ನೋಡಿದ. ಕಣ್ಣಿಗೆ ಪಟ್ಟಿ, ಬೀಸುತ್ತಿರುವ ಸೆರಗು, ಅಪ್ಪನ ಮುಖ. "ಕಣ್ಣು. ಆಪರೇಷನ್ ಇದೆ," ಎಂದು ಪಿಸುಗುಟ್ಟಿದೆ. ಅವನು ಇನ್ನೊಂದು ಮಾತಾಡದೆ ಹೊರಟುಹೋದ.

"ಯಾರದು?" ಎಂದಿತು ಮಗು.

"ಟೋಲ್‌ಗೇಟಿನವನು," ಎಂದೆ. ಸುಳ್ಳು ಈಗ ನೀರು ಕುಡಿದಷ್ಟು ಸಲೀಸಾಗಿತ್ತು.

ಮುಂದೆ ಗದ್ದಲವೆದ್ದಿತು. ಮೀಸೆಯವನು ಬೀಡಿ ಸೇದುತ್ತಿದ್ದವರನ್ನೆಲ್ಲ ಗದರಿ ಗಾಡಿ ಹತ್ತಿಸುತ್ತಿದ್ದ. ಒಂದೊಂದೇ ವಾಹನ ಗುಡ್ಡದ ಕಡೆಗೆ ಒತ್ತರಿಸಿ ನಿಂತಿತು. ಮಗುಚಿದ ಲಾರಿಯ ಬುಡದಲ್ಲಿ ಚೆಲ್ಲಿದ್ದ ಮೂಟೆಗಳನ್ನು ಹತ್ತಾರು ಜನ ಎಳೆದು ಹಾಕಿದರು. ಮೋರಿಯ ಅಂಚಿನಲ್ಲಿ ಒಂದು ವ್ಯಾನು ತೂರುವಷ್ಟು ಜಾಗವಾಯಿತು. ಮೀಸೆಯವನು ಹಿಂದಕ್ಕೆ ನಡೆಯುತ್ತ, ಎರಡೂ ಕೈಗಳಿಂದ ಬಾ ಬಾ ಎಂದು ಕರೆದ. ಎಡ ಚಕ್ರದಡಿ ಮಣ್ಣು ಜಾರುವುದು ನನಗೆ ಗೊತ್ತಾಗುತ್ತಿತ್ತು. ಬೆನ್ನೆಲ್ಲ ಬೆವರು. ದಾಟಿದ ಮೇಲೆ ಅವನಿಗೆ ಕೈಯೆತ್ತಿ ಮುಗಿದೆ, ನಿಲ್ಲಿಸಲಿಲ್ಲ.

ದೊಡ್ಡಾಸ್ಪತ್ರೆಯವರು ಬಾಗಿಲಲ್ಲೇ ಸ್ಟ್ರೆಚರ್ ಇಟ್ಟುಕೊಂಡಿದ್ದರು. ಮಗುವನ್ನು ಒಳಗೆ ಕರೆದೊಯ್ದ ಮೇಲೆ ನಾವು ಮೂವರೂ ಉದ್ದ ಬೆಂಚಿನ ಮೇಲೆ ಕುಳಿತೆವು. ಫಿನಾಯಿಲಿನ ವಾಸನೆ, ಎದುರಿಗೆ ಮುಚ್ಚಿದ ಬಾಗಿಲು. ಅಕ್ಕ ಗೋಡೆಗೆ ತಲೆಯಾನಿಸಿದಳು. "ನಾನೇ ಅಂದ್ನಲ್ಲೋ ಅಲ್ಲಿ ನೋಡು ಅಂತ. ಅದರಿಂದ್ಲೇ ಏನಾದ್ರೂ ಆಗಿದ್ರೆ?" ಎಂದಳು. "ಏನೂ ಆಗಿರಲ್ಲ," ಎಂದೆ. ನನಗೇನು ಗೊತ್ತಿತ್ತು? ಭಯವಾಗುತ್ತಿತ್ತು, ಅಷ್ಟೆ.

ಬಾಗಿಲು ತೆರೆದು ಡಾಕ್ಟರು ಬರುವ ಹೊತ್ತಿಗೆ ಸಂಜೆಯಾಗಿತ್ತು. "ಕಣ್ಣು ಉಳೀತು," ಎಂದರು. "ಕನ್ನಡಕ ಬೇಕಾಗಬಹುದು, ಆದರೆ ಕಾಣುತ್ತೆ. ಅಳಿಸದೆ ಕರ್ಕೊಂಡು ಬಂದ್ರಲ್ಲ, ಅದು ದೊಡ್ಡದು."

ಸೈಕಲ್ ಅಂಗಡಿಯವನು ಹೂಂ, ಹೂಂ ಎಂದು ತಲೆಯಾಡಿಸುತ್ತ ನಿಂತ. ಡಾಕ್ಟರ ಹಿಂದೆಯೇ ಬಂದ ನರ್ಸು ಅವನ ಹತ್ತಿರ ಬಂದಳು. "ಎಂಥಾ ಮಗು ರೀ ನಿಮ್ದು! ಮತ್ತಿನ ಮದ್ದು ಕೊಡೋಕೆ ಮುಂಚೆ ನಂಗೊಂದು ಗುಟ್ಟು ಹೇಳಿದ್ಲು. ದಾರೀಲಿ ಗಾಡಿ ನಿಂತುಬಿಟ್ಟಿತ್ತಂತೆ, ನೀವೆಲ್ಲ ಓಡ್ತಿದೆ ಅಂತ ನಾಟಕ ಮಾಡಿದ್ರಂತೆ?"

ಅಕ್ಕ ನನ್ನ ಮುಖ ನೋಡಿದಳು.

"ಅವಳಿಗೆ ಗೊತ್ತಾಗಿತ್ತಂತೆ ಕಣ್ರೀ. ಮತ್ಯಾಕೆ ಹೇಳ್ಲಿಲ್ಲ ಅಂತ ಕೇಳ್ದೆ. 'ಅಪ್ಪನ ಕೈ ನನ್ ಕಾಲ್ಮೇಲೆ ನಡುಗ್ತಾ ಇತ್ತು. ನಿಂತಿದೆ ಅಂತ ನಾನು ಹೇಳಿದ್ರೆ ಅಪ್ಪ ಅಳ್ತಿದ್ರು. ಅಪ್ಪ ಅತ್ರೆ ನಂಗೂ ಅಳು ಬರುತ್ತೆ. ಅದಕ್ಕೇ ಹಾರ್ನ್ ಹೊಡಿ, ಹಾರ್ನ್ ಹೊಡಿ ಅಂತ ಹೇಳ್ತಾನೇ ಇದ್ದೆ' ಅಂದ್ಲು."

ಅವನು ಗೋಡೆ ಹಿಡಿದ. ಹಿಡಿದುಕೊಂಡೇ ನೆಲಕ್ಕೆ ಕುಸಿದು, ಗ್ರೀಸಿನ ಕೈಗಳಲ್ಲಿ ಮುಖ ಮುಚ್ಚಿಕೊಂಡು, ಬೆಳಗಿನಿಂದ ಹಿಡಿದಿಟ್ಟಿದ್ದ ಅಳುವನ್ನೆಲ್ಲ ಅಷ್ಟು ಜನರ ಮುಂದೆ ದನಿ ತೆಗೆದು ಅತ್ತ. ನಾನು ಎಬ್ಬಿಸಲು ಹೋದೆ. ಅಕ್ಕ ನನ್ನ ಅಂಗಿ ಹಿಡಿದು ಎಳೆದಳು.

"ಬಿಡೋ, ಅಳಲಿ," ಎಂದಳು. "ಇನ್ನು ಅತ್ತರೆ ಏನೂ ಆಗಲ್ಲ."