ಹಾಸು ಒಗೆದವಳ ಪುಸ್ತಕ

ನಾಲ್ಕಕ್ಕೆ ಎದ್ದು ನೀರು ಕಾಯಿಸುವುದು. ಗಂಡನನ್ನು ಮಗ್ಗುಲಿಗೆ ಹೊರಳಿಸಿ ಬೆನ್ನು ಒರೆಸುವುದು. ಒದ್ದೆ ಹಾಸು ತೆಗೆದು ಒಣಗಿದ್ದು ಹಾಕುವುದು. ಮಾತ್ರೆ ಕುಟ್ಟುವುದು, ಗಂಜಿ ಸೋಸುವುದು, ಚಮಚ ಚಮಚವಾಗಿ ಕುಡಿಸುವುದು. ಬೆಳಕು ಹರಿಯುವ ಮುಂಚೆ ಹಾಸು ಒಗೆದು ಹರವುವುದು. ಆರು ವರ್ಷ ಕತೆಗಾರ್ತಿ ಮಾಡಿದ ಕೆಲಸವಿದು. ಗಂಡ ಹೋಗಿ ಎಂಟು ತಿಂಗಳಾದರೂ ನಾಲ್ಕಕ್ಕೇ ಎಚ್ಚರವಾಗುತ್ತಿತ್ತು. ಮೈಗಿನ್ನೂ ಸುದ್ದಿ ಮುಟ್ಟಿರಲಿಲ್ಲ.

ಪ್ರಕಾಶಕನೊಬ್ಬ ಗಂಡನ ಬಗ್ಗೆ ನೆನಪಿನ ಪುಸ್ತಕ ಕೇಳಿದ್ದ. ನಲವತ್ತು ವರ್ಷ ಹೆಂಗಸರ ಬದುಕನ್ನು ಈರುಳ್ಳಿಯಂತೆ ಸುಲಿದು ಬರೆದವಳಿಗೆ ಈಗ ಒಂದು ಪುಟ ದಾಟುತ್ತಿರಲಿಲ್ಲ. ‘ನನ್ನ ಬರಹಕ್ಕೆ ಬೆನ್ನೆಲುಬಾಗಿದ್ದರು’ ಎಂದು ಬರೆಯುವುದು, ಹೊಡೆದುಹಾಕುವುದು. ಮೊನ್ನೆ ಡಾಕ್ಟರು ಬೇರೆ, “ಹೃದಯ ದಣಿದಿದೆ ಅಮ್ಮಾ, ಬರೆಯೋದಿದ್ರೆ ಬೇಗ ಬರೆದುಬಿಡಿ” ಎಂದು ನಕ್ಕಿದ್ದರು. ನಗು ಬಂದದ್ದು ಅವರೊಬ್ಬರಿಗೇ.

ಭಾನುವಾರ ಬಂದ ನಾದಿನಿ ಹೊಡೆದುಹಾಕಿದ ಹಾಳೆಗಳನ್ನು ನೋಡಿದಳು. “ಏನತ್ತಿಗೆ, ನಮ್ಮಣ್ಣನ ಬಗ್ಗೆ ನಾಲ್ಕು ಒಳ್ಳೆ ಮಾತು ಸಿಗಲಿಲ್ವಾ?”

“ಒಳ್ಳೆ ಮಾತಿಗೇನೇ ಬರ? ಒಳ್ಳೆಯವರೇ. ಆದ್ರೆ ಅವರು ಹೋದಾಗ...” ಹಾಳೆಗಳನ್ನು ಎತ್ತಿ ಮಗುಚಿಟ್ಟಳು. “ಎಲ್ಲರೂ ಅಳ್ತಿದ್ರು. ನನಗೆ ಮಾತ್ರ, ಅಬ್ಬ, ನಾಳೆ ಹಾಸು ಒಗೆಯೋದಿಲ್ಲ ಅನ್ನಿಸ್ತು. ಹಾಯೆನಿಸ್ತು ಕಣೇ. ಅಳು ಬಂದಿದ್ದು ಆಮೇಲೆ.”

ಅವಳು ರೇಗುತ್ತಾಳೆಂದು ಕತೆಗಾರ್ತಿ ಕಾದಳು. ನಾದಿನಿ ಕಿಟಕಿಯ ಕಡೆ ತಿರುಗಿ ಹೇಳಿದಳು: “ಅಮ್ಮನ್ನ ಮೂರು ವರ್ಷ ನೋಡ್ಕೊಂಡೆನಲ್ಲ? ಅಮ್ಮ ಹೋದ ಮಾರನೇ ದಿನ ಒಂದು ಲೋಟ ಕಾಫಿ ಪೂರ್ತಿ ಕೂತು ಕುಡಿದೆ. ನಡುವೆ ಯಾರೂ ಕೂಗಲಿಲ್ಲ. ಎಷ್ಟು ರುಚಿಯಾಗಿತ್ತು ಅಂತೀರಾ! ನಾಚಿಕೆಯಾಗಿ ಇವತ್ತಿನವರೆಗೂ ಯಾರಿಗೂ ಹೇಳಿಲ್ಲ.”

“ನಾವಿಬ್ರೂ ಕಲ್ಲೆದೆಯವರೇ ಹಾಗಾದ್ರೆ.”

“ಕಲ್ಲೆದೆಯಾಗಿದ್ರೆ ಇಬ್ಬರೂ ಸೇರಿ ಒಂಬತ್ತು ವರ್ಷ ಬೆನ್ನು ಒರೆಸ್ತಿದ್ವಾ?”

ನಕ್ಕರು. ನಗು ಅಳುವಾಯಿತು, ಮೂಗು ಒರೆಸಿಕೊಂಡು ಮತ್ತೆ ನಕ್ಕರು. ಎದೆಯ ಮೇಲಿನ ಕಲ್ಲು ಇಳಿಸಿದಂತಾಗಿತ್ತು.

ಹೊರಡುವಾಗ ನಾದಿನಿ ಚಪ್ಪಲಿ ಮೆಟ್ಟುತ್ತ, “ಇದನ್ನೆಲ್ಲ ಬರೀಬೇಡಿ ಮತ್ತೆ. ನೆಂಟರ ಬಾಯಿಗೆ ಬೀಗ ಹಾಕೋಕಾಗುತ್ತಾ?” ಎಂದಳು.

ಒಬ್ಬಳೇ ಆದ ಮೇಲೆ, ಬರೆಯಲೇ ಎಂದು ಮಗಳನ್ನು ಒಂದು ಮಾತು ಕೇಳೋಣವೆಂದು ಫೋನು ಎತ್ತಿಕೊಂಡಳು. ಬೇಡವೆಂದರೆ? ಬರೆಯಮ್ಮ ಎಂದರೂ ಅದು ಮಗಳ ಅಪ್ಪಣೆಯಾಯಿತು. ಫೋನು ಕೆಳಗಿಟ್ಟಳು. ನಾದಿನಿಯ ಕಾಫಿ ನಾದಿನಿಯದು, ಅದನ್ನು ಮುಟ್ಟುವುದಿಲ್ಲ. ಹಾಸು ತನ್ನದು.

ಪ್ರಕಾಶಕನಿಗೆ ಪತ್ರ ಬರೆದಳು: ‘ಹೊಗಳಿಕೆಯ ಪುಸ್ತಕ ನನ್ನಿಂದಾಗದು. ಆರು ವರ್ಷ ಹಾಸು ಒಗೆದವಳ ಪುಸ್ತಕ ಬರೆಯುತ್ತೇನೆ. ನಿಮಗೆ ಬೇಡವಾದರೆ ತಿಳಿಸಿ, ಬೇರೆಯವರಿಗೆ ಕೊಡುತ್ತೇನೆ.’