ಅಡ್ಡ ಪುಟ, ಅರ್ಧ ಕಥೆ

ಗೆಳೆಯರೇ, ಇವತ್ತು ಚೆನ್ನೈನ ನುಂಗಂಬಾಕ್ಕಂನಲ್ಲಿರುವ ನಮ್ಮ ಆಫೀಸಿನಲ್ಲಿ ನನಗೆ ಗೊತ್ತಿದ್ದ ಒಂದೇ ಒಂದು ವಿದ್ಯೆ ಕೆಲಸಕ್ಕೆ ಬಾರದಂತಾಯಿತು.

ಉದ್ದನೆಯ ವರದಿಯ ನಡುವೆ ಒಂದೇ ಪುಟವನ್ನು ಅಡ್ಡಲಾಗಿ ತಿರುಗಿಸುವುದು ಹಳೆಯ ಸಾಫ್ಟ್‌ವೇರಿನಲ್ಲಿ ನನಗೊಬ್ಬನಿಗೇ ಬರುತ್ತಿತ್ತು. ಅಗಲವಾದ ಕೋಷ್ಟಕ ಬಂದಾಗಲೆಲ್ಲ ಪಕ್ಕದ ವಿಭಾಗದ ವಸಂತಾ ನನ್ನ ಮೇಜಿಗೆ ಬರುತ್ತಿದ್ದಳು. ಅಜ್ಜನ ಕಾಲದಿಂದ ಇಲ್ಲೇ ನೆಲೆಸಿರುವ ಕನ್ನಡದ ಮನೆಯವಳು. ತಮಿಳು ಬೆರೆತ ಅವಳ ಮಾತೊಂದೇ ಆಫೀಸಿನಲ್ಲಿ ನನ್ನ ಕಿವಿಗೆ ಬೀಳುವ ಕನ್ನಡ. ಕುರ್ಚಿ ಎಳೆದು ಕೂತು, "ಅಣ್ಣಾ, ಪುಟ ತಿರುಗೋವರೆಗೂ ಊರ ಕಥೆ ಒಂದು ಹೇಳಿ" ಅನ್ನುತ್ತಿದ್ದಳು. ಕಥೆ ಮುಗಿಯುವವರೆಗೆ ನಾನೂ ಪುಟ ತಿರುಗಿಸುತ್ತಿರಲಿಲ್ಲ.

ಕಳೆದ ಸಲದ ಕಥೆಯಲ್ಲಿ ಕುಂಬಾರನೊಬ್ಬ ಕತ್ತೆಯ ಮೇಲೆ ಮಡಕೆ ಹೇರಿಕೊಂಡು ತುಂಬಿದ ಹಳ್ಳಕ್ಕೆ ಇಳಿದಿದ್ದ. ಅಷ್ಟರಲ್ಲಿ ಮ್ಯಾನೇಜರ್ ಕರೆದರು, ಕಥೆ ಅಲ್ಲಿಗೇ ನಿಂತಿತು.

ಇವತ್ತು ಬೆಳಿಗ್ಗೆ ನೋಡಿದರೆ ಸಾಫ್ಟ್‌ವೇರಿನ ರೂಪವೇ ಬದಲು. ಫೈಲ್ ಸೇವ್ ಮಾಡುವ ಜಾಗ ಹುಡುಕುತ್ತ ಕೂತಿದ್ದಾಗ ವಸಂತಾ ನಗುತ್ತ ಬಂದಳು. ನಾನು ಕುರ್ಚಿ ಸರಿಸಿದೆ.

"ಬೇಡ ಅಣ್ಣಾ. ಪುದುಸಾ ಒಂದು ಬಟನ್ ಬಂದಿದೆ, ಒತ್ತಿದ್ರೆ ಪೋದುಂ, ಅಷ್ಟೇ ಸಾಕು, ಪುಟ ತಾನೇ ತಿರುಗುತ್ತೆ. ಇನ್ಮೇಲೆ ನಿಮಗೆ ತೊಂದರೆನೇ ಇಲ್ಲ!"

"ತೊಂದರೆ ಅಂತ ಯಾರಮ್ಮ ಹೇಳಿದ್ದು? ಆ ಕುಂಬಾರನ ಕಥೆ ಅರ್ಧಕ್ಕೇ..."

"ಇನ್ನೊಂದು ದಿನ ಅಣ್ಣಾ, ಇವತ್ತು ರೊಂಬ ಕೆಲಸ." ಹೋಗುವಾಗ ನನ್ನ ಫೈಲನ್ನೂ ಸೇವ್ ಮಾಡಿಕೊಟ್ಟು ಹೋದಳು.

ಸಂಜೆಯವರೆಗೆ ಆ ಹೊಸ ಬಟನ್‌ಗಳನ್ನೆಲ್ಲ ಒತ್ತಿ ನೋಡಿದೆ. ಪ್ರತಿಯೊಂದು ಕೆಲಸಕ್ಕೂ ಒಂದೊಂದು ಇಟ್ಟಿದ್ದಾರೆ. ಹಳ್ಳದ ನಡುವೆ ನಿಂತ ಕತ್ತೆಯನ್ನು ದಡ ಹತ್ತಿಸುವ ಬಟನ್ ಮಾತ್ರ ಎಲ್ಲೂ ಸಿಗಲಿಲ್ಲ.